ಕಾಕಾನ ತಪ್ಪು ಗಾಂಧಾರ

ನಮ್ಮ ಕಾಕಾ ಹಾಡಲು ಕಲಿತದ್ದರಿಂದ ಇಳಕಲ್‌ನಲ್ಲಿ ಯಾರ ಪ್ರಾಣವೂ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದವರು ಆಮೇಲೆ ಹೇಳಿದರೆ ನಂಬಲಿಕ್ಕಿಲ್ಲ. ಹಿತ್ತಲಿನ ಎಮ್ಮೆ ಹಾಲು ಕಡಿಮೆ ಮಾಡಿತು, ಒಬ್ಬ ಸಂಗೀತ ಗುರು ಹೇಳದೆ ಕೇಳದೆ ಬಸ್ಸು ಹತ್ತಿದ, ನನ್ನ ತಲೆಗೂದಲು ಹೊತ್ತಿಗೆ ಮುಂಚೆ ಬೆಳ್ಳಗಾಯಿತು. ಅಷ್ಟೇ. ಆದರೆ ಆ ದಿನಗಳಲ್ಲಿ ನಾನು ಆ ಮನುಷ್ಯನ ಮೇಲೆ ಪಟ್ಟ ಸಿಟ್ಟನ್ನು ನಮ್ಮ ಕಚೇರಿಯ ಸಾಹೇಬರ ಮೇಲೂ ಪಟ್ಟಿಲ್ಲ. ಸಾಹೇಬರಾದರೂ ಆದಿತ್ಯವಾರ ರಜೆ ಕೊಡುತ್ತಿದ್ದರು!

ನಾನು ಆಗ ಹುನಗುಂದದ ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ. ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಇಳಕಲ್‌ನಲ್ಲಿ ಅವನ ಮನೆ. ಮಾಳಿಗೆಯ ಮೇಲಿನ ಕೋಣೆಯಲ್ಲಿ ನನ್ನ ವಾಸ, ಬೆಳಗ್ಗೆ ಬಸ್ಸು ಹಿಡಿದು ಹುನಗುಂದ, ಸಂಜೆ ವಾಪಸು. ಊಟ ಅವನ ಹೆಂಡತಿ, ನಮ್ಮ ಕಾಕುವಿನ ಕೈಯದು. ಇಷ್ಟು ಸುಖವಾಗಿದ್ದವನಿಗೆ ದೇವರು ಏನಾದರೊಂದು ಕೊರತೆ ಇಡಬೇಕಲ್ಲ, ಕಾಕಾನನ್ನು ಇಟ್ಟಿದ್ದ.

ಕಾಕಾ ಸಾಲಿಯಲ್ಲಿ ಲೆಕ್ಕದ ಮಾಸ್ತರ. ಸಿಟ್ಟು ಅವನ ಹುಟ್ಟುಗುಣ. ಬಿಸಿಲು ಹೆಚ್ಚಾದರೆ ಸೂರ್ಯನಿಗೆ ಬೈಯುತ್ತಿದ್ದ, ಮಜ್ಜಿಗೆ ಹುಳಿಯಾದರೆ ಎಮ್ಮೆಗೆ ಬೈಯುತ್ತಿದ್ದ. ಸಾಲಿಯಲ್ಲಿ ಅವನದೊಂದು ವಿಚಿತ್ರ ಪದ್ಧತಿ ಇತ್ತು. ಹಲಗೆಯ ಮೇಲೆ ಬೇಕೆಂದೇ ತಪ್ಪು ಲೆಕ್ಕ ಬರೆದು, ಕೈಕಟ್ಟಿ, ಹುಡುಗರನ್ನು ದುರುಗುಟ್ಟಿ ನೋಡುತ್ತ ನಿಂತುಬಿಡುವುದು. ಯಾರಾದರೂ ತಪ್ಪು ಎನ್ನುವ ತನಕ ಮುಂದಿನ ಪಾಠವಿಲ್ಲ. ಸರಿ ಲೆಕ್ಕವನ್ನು ಹುಡುಗರು ಸುಮ್ಮನೆ ಬರೆದುಕೊಂಡು ಹೋಗುತ್ತಾರೆ, ತಪ್ಪು ಲೆಕ್ಕ ಕಂಡರೆ ಎಂಥ ದಡ್ಡನ ಬಾಯಿಯೂ ಬಿಚ್ಚುತ್ತದೆ ಎಂಬುದು ಅವನ ಸಿದ್ಧಾಂತ. ರಾಜ್ಯ ಒಂದಾದ ಹೊಸದರಲ್ಲಿ ಮೈಸೂರು ಕಡೆಯ ಇನ್ಸ್‌ಪೆಕ್ಟರರೊಬ್ಬರು ತಪಾಸಣೆಗೆ ಬಂದರು. ಹಲಗೆಯ ಮೇಲೆ ಹದಿನಾರು ಎಂಟಲೆ ನೂರಾ ಮೂವತ್ತೆಂಟು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, “ಮೇಷ್ಟ್ರೇ, ಈ ಲೆಕ್ಕ ತಪ್ಪಾಗಿದೆಯಲ್ಲ” ಎಂದರು. ಕಾಕಾ ಹುಡುಗರ ಕಡೆ ತಿರುಗಿ, “ಕೇಳಿದ್ರೇನಲೇ? ಇಷ್ಟ ಮಂದ್ಯಾಗ ಬಾಯಿ ಬಿಟ್ಟವರು ಇವರೊಬ್ಬರ” ಎಂದ. ಆ ವರ್ಷ ಅವನಿಗೆ ಬಡ್ತಿ ಬರಲಿಲ್ಲ ಎಂದು ಬೇರೆ ಹೇಳಬೇಕೆ?

ಇಂಥವನಿಗೆ ಎಂಥ ಹೆಂಡತಿ ಸಿಕ್ಕಿದ್ದಳು ನೋಡಿ! ಕಾಕುವಿನ ದನಿ ಕೇಳಿದವರು ಮರೆಯುತ್ತಿರಲಿಲ್ಲ. ಯಾವ ಗುರುವಿನ ಹತ್ತಿರವೂ ಕೂತವಳಲ್ಲ. ಆದರೆ ಇಳಕಲ್‌ನ ನಮ್ಮ ಓಣಿಯಲ್ಲಿ ಅವಳು ಬಾಯಿ ತೆರೆಯದೆ ಒಂದು ಮುಂಜಿಯಿಲ್ಲ, ಒಂದು ಮದುವೆಯಿಲ್ಲ. ಶುಕ್ರವಾರ ಸಂಜೆ ಆರತಿ ಹಾಡು ಸುರುವಾಯಿತೆಂದರೆ ನೆರೆಯವರು ಹೊರಸನ್ನು ಹೊರಗೆಳೆದು ಕೂತು ಕೇಳುತ್ತಿದ್ದರು. ಅದು ಅವಳಿಗೆ ತವರಿನಿಂದ ಬಂದ ಹಾಡು. ಅದನ್ನು ತನ್ನ ಮಗಳಿಗೆ ಕಲಿಸಿದ್ದಳು. ತಾಯಿ ಒಂದು ಸಾಲು, ಮಗಳು ಒಂದು ಸಾಲು ಹೇಳುತ್ತಿದ್ದರೆ ಕಾಕಾ ಕೂಡ ಅಷ್ಟು ಹೊತ್ತು ಯಾರಿಗೂ ಬೈಯದೆ ಕೂತಿರುತ್ತಿದ್ದ.

ಒಬ್ಬಳೇ ಮಗಳು. ಬಾಗಲಕೋಟೆಗೆ ಕೊಟ್ಟಿದ್ದರು. ಮದುವೆಯಾದ ಮರುವರ್ಷ ವಿಷಮಜ್ವರ ಬಂದು ಹೋಗಿಬಿಟ್ಟಳು.

ಬಾಗಲಕೋಟೆಯಿಂದ ತಿರುಗಿ ಬಂದ ಕಾಕು ಮಾತು ಬಿಟ್ಟಳು. ಒಲೆ ಹಚ್ಚುವಳು, ರೊಟ್ಟಿ ಬಡಿಯುವಳು, ಎಮ್ಮೆ ಹಿಂಡುವಳು. ಮಾತು ಮಾತ್ರ ಇಲ್ಲ. ಬೇಕೆ ಎಂದರೆ ತಲೆ ಆಡಿಸುವಳು, ಬೇಡವೆ ಎಂದರೂ ತಲೆ ಆಡಿಸುವಳು. ದವಾಖಾನೆಗೆ ತೋರಿಸಿದ್ದಾಯಿತು, ಗಂಟಲಿಗೇನೂ ಆಗಿಲ್ಲ, ಮನಸ್ಸಿಗೆ ಹತ್ತಿಸಿಕೊಂಡಿದ್ದಾರೆ ಎಂದರು. ನಾನು ದಿನಾ ಸಂಜೆ ಕಚೇರಿಯ ಸುದ್ದಿ ಬಣ್ಣ ಕಟ್ಟಿ ಹೇಳುತ್ತಿದ್ದೆ. ಅಮೀನಗಡದಿಂದ ಕರದಂಟು ತಂದು ಕೈಗೆ ಕೊಡುತ್ತಿದ್ದೆ. ತಗೊಂಡು, ತಲೆ ಆಡಿಸಿ, ಒಳಗೆ ಹೋಗುವಳು. ಬೈಯುವುದಾದರೂ ಬೈಯಲಿ, ಒಂದು ಮಾತಾಡಲಿ ಎಂದು ನಮ್ಮ ಜೀವ ಹಂಬಲಿಸುತ್ತಿತ್ತು. ದಿನ ಹೋದಂತೆ ಅವಳು ತೆಳ್ಳಗಾಗುತ್ತ, ಮನೆಯಲ್ಲಿದ್ದೂ ಇಲ್ಲದವಳಂತಾಗುತ್ತ ಹೋದಳು. ನಮ್ಮ ಕೈಯಿಂದ ಅವಳೂ ಜಾರಿಹೋಗುತ್ತಾಳೆಂದು ನನಗೆ ಖಾತ್ರಿಯಾಗಿ ಹೆದರಿಕೆ ಹುಟ್ಟಿತ್ತು.

ಅಂಥ ಮನೆಯಲ್ಲಿ ಈ ಮನುಷ್ಯ ಏನು ಮಾಡಿದ ಗೊತ್ತೆ? ವರ್ಷ ಕಳೆದಿರಲಿಲ್ಲ, ಬಾಗಲಕೋಟೆಗೆ ಹೋಗಿ ಹಾರ್ಮೋನಿಯಂ ಕೊಂಡು ತಂದ! ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಪೇಟಿಯನ್ನು ಬಸ್ಸಿನ ಮೇಲೆ ಹಾಕಲು ಒಪ್ಪದೆ, ಕಂಡಕ್ಟರನ ಕೂಡ ಜಗಳಾಡಿ, ಕಂಬಳಿಯಲ್ಲಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದನಂತೆ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಕೂಸಿಗೆ ಗಾಳಿಯಾಡಲೆಂದು ಕಂಬಳಿ ಸರಿಸಲು ಹೋದಾಗ ಅದು ಕುಂಯ್ ಎಂದಿತಂತೆ. ಅಜ್ಜಿ ಅಮೀನಗಡದಲ್ಲೇ ಇಳಿದುಬಿಟ್ಟಳು. ಅವಳು ಹೋಗಬೇಕಾದದ್ದು ಹುನಗುಂದಕ್ಕೆ.

ಮರುದಿನ ಬೆಳಕು ಹರಿಯುವ ಮುಂಚೆ ಪಡಸಾಲೆಯಲ್ಲಿ ಕಾಕಾನ ಹಾಡು ಸುರು. ಅವನ ದನಿಯನ್ನು ಹೇಗೆ ವರ್ಣಿಸಲಿ? ಗಡಗಡಿ ಇಲ್ಲದ ಬಾವಿಯಿಂದ ಹಗ್ಗ ಎಳೆದಂತಿತ್ತು. ಅದೂ ಹೋಗಲಿ. ಹಾಡಿದ್ದು ಯಾವ ಹಾಡು? ಆ ಶುಕ್ರವಾರದ ಆರತಿ ಹಾಡು! ಊರಿನಲ್ಲಿ ಬೇರೆ ಹಾಡು ಇರಲಿಲ್ಲವೆ? ತಾಯಿ ಮಗಳು ಹಾಡುತ್ತಿದ್ದ ಹಾಡನ್ನು, ಮಗಳು ಸತ್ತ ಮನೆಯಲ್ಲಿ, ಮೂಕಳಾದ ತಾಯಿಯ ಕಿವಿಯ ಹತ್ತಿರ ಕೂತು ಹೀಗೆ ಕೊಲ್ಲುವುದೆಂದರೆ! ನಾನು ಮಾಳಿಗೆಯಿಂದ ದಡದಡನೆ ಇಳಿದು ಬಂದೆ.

“ಕಾಕಾ, ನಿನಗ ಮನಸ್ಸರ ಅದ ಏನು?” ಎಂದು ಕೇಳಿದೆ.

“ಮನಸ್ಸದ. ಗಂಟಲಾಗ ಸೂರು ಇಲ್ಲ. ಅದಕ್ಕ ಕಲೀಲಿಕ್ಕೆ ಹತ್ತೇನಿ. ನಿನಗ ಬ್ಯಾಡಾದ್ರ ಕಿವಿ ಮುಚ್ಕೊ” ಎಂದು ಮತ್ತೆ ಪೇಟಿಯ ಭಾತೆ ಒತ್ತಿ ಗಾಳಿ ತುಂಬಿದ.

ಮುಚ್ಚಿಕೊಂಡೆ. ಓಣಿಯಲ್ಲಿ ಹತ್ತಿಗೆ ಬರವೆ? ಅಂದಿನಿಂದ ದಿನಾ ಬೆಳಗ್ಗೆ ಎದ್ದ ಕೂಡಲೆ ಎರಡೂ ಕಿವಿಗೆ ಹತ್ತಿ ಒತ್ತಿಕೊಂಡು, ಹಾಗೆಯೇ ಜಳಕ ಮಾಡಿ, ಹಾಗೆಯೇ ರೊಟ್ಟಿ ತಿಂದು, ಬಸ್ಸು ಹತ್ತಿದ ಮೇಲೆ ತೆಗೆಯುತ್ತಿದ್ದೆ. ಒಮ್ಮೆ ತೆಗೆಯಲು ಮರೆತು ಕಚೇರಿಗೆ ಹೋಗಿ, ಸಾಹೇಬರು ಕರೆದದ್ದು ಕೇಳಿಸದೆ ಅವರಿಂದ ಬೈಸಿಕೊಂಡೆ. ಬೈದದ್ದೂ ಕೇಳಿಸಲಿಲ್ಲ ಎನ್ನಿ.

ಕಾಕಾ ಅಷ್ಟಕ್ಕೇ ಬಿಟ್ಟನೆ? ಗುರುವನ್ನು ಹುಡುಕಿದ. ಅಮೀನಗಡದಲ್ಲಿ ಹಿಂದೆ ನಾಟಕ ಕಂಪನಿಯಲ್ಲಿದ್ದ ಪೇಟಿ ಮಾಸ್ತರನೊಬ್ಬನಿದ್ದ. ಸಾಧು ಮನುಷ್ಯ. ಎಂಥೆಂಥ ನಟರ ಬೇಸೂರನ್ನೂ ಪೇಟಿಯ ಸದ್ದಿನಲ್ಲಿ ಮುಚ್ಚಿ ಮರ್ಯಾದೆ ಉಳಿಸಿದವನು. ಅವನು ಕಾಕಾನಿಗೆ ದಿನಾ ನಸುಕಿನಲ್ಲಿ ಮಂದ್ರದ ಷಡ್ಜ ಹಿಡಿದು ಕೂರಲು ಹೇಳಿದ. ಒಂದೇ ಸ್ವರ, ಉಸಿರು ಮುಗಿಯುವ ತನಕ. ಕಾಕಾ ಅದನ್ನು ಎಮ್ಮೆಯ ಹತ್ತಿರ ಕೂತು ಮಾಡಿದ. ಎಮ್ಮೆ ಹಾಲು ಕಡಿಮೆ ಮಾಡಿದ್ದು ಆವಾಗಲೇ. ಷಡ್ಜ ಹೇಗೋ ಕುದುರಿತು, ಪಂಚಮವೂ ಕುದುರಿತು. ಗಾಂಧಾರದಲ್ಲಿ ಬಂದು ಗಾಡಿ ಹೂತುಕೊಂಡಿತು. ಆ ಹಾಡಿನ ಎರಡನೆಯ ಸಾಲಿನಲ್ಲಿ ಗಾಂಧಾರ ಮೆಲ್ಲಗೆ ಇಳಿದು ನಿಲ್ಲಬೇಕು. ಕಾಕಾ ಅಲ್ಲಿ ಮೇಲಕ್ಕೆ ನೆಗೆಯುತ್ತಿದ್ದ.

“ಮಾಸ್ತರ, ಸ್ವಲ್ಪ ಇಳಸಬೇಕು” ಎಂದು ಗುರು ಹೇಳಿದರೆ, ಸ್ವಲ್ಪ ಅಂದರೆ ಎಷ್ಟು, ಕಾಲು ಪಾಲೋ ಅರೆಕಾಲು ಪಾಲೋ ಎಂದು ಇವನ ತಕರಾರು. ಗುರು ಕೈಯಿಂದ ತೋರಿಸಿದ. ಕಾಕಾ ಒಳಗಿನಿಂದ ಅಡಿಪಟ್ಟಿ ತಂದು ಅವನ ಕೈಯ ಪಕ್ಕ ಹಿಡಿದು ಅಳೆದ! ಆ ಗುರು ಅಂಗಳಕ್ಕೆ ಹೋಗಿ ಬರುತ್ತೇನೆಂದು ಎದ್ದವನು, ಅಂಗಳದಿಂದ ಓಣಿಗೆ, ಓಣಿಯಿಂದ ಬಸ್‌ ಸ್ಟ್ಯಾಂಡಿಗೆ ಹೋಗಿಬಿಟ್ಟ. ಅವನ ಚಪ್ಪಲಿ ನಮ್ಮ ಮನೆಯಲ್ಲೇ ಉಳಿದವು. ನಾನು ಅಮೀನಗಡಕ್ಕೆ ಹೋಗಿ ಕೊಟ್ಟು ಬಂದೆ. ಅವನು ಬಾಗಿಲ ಸಂದಿಯಿಂದ ಕೈ ಚಾಚಿ ಇಸಿದುಕೊಂಡ.

ಆಮೇಲೆ ಪಕ್ಕದ ಮನೆಯ ನೇಕಾರ ಬಂದ. ನಮ್ಮ ಗೋಡೆಗೆ ಹತ್ತಿಯೇ ಅವನ ಕುಣಿಮಗ್ಗ. ಕಾಲು ಕುಣಿಯೊಳಗಿಟ್ಟು, ಹಗಲೆಲ್ಲ ಸೀರೆ ನೇಯುವ ಸಮಾಧಾನದ ಮನುಷ್ಯ. ಅವನ ಮೋರೆಯ ಮೇಲೆ ಸಿಟ್ಟು ಕಂಡದ್ದು ಅದೇ ಮೊದಲು.

“ಅಣ್ಣಾರ, ನನ್ನ ಕೈ ಒಂದ ಲಯಕ್ಕ ಓಡತಿರತೈತ್ರಿ. ಮಾಸ್ತರು ಆ ಜಾಗಕ್ಕ ಬಂದ್ರಂದ್ರ ಲಾಳಿ ತಪ್ಪತೈತಿ. ಸೆರಗಿನ್ಯಾಗ ಎಳಿ ಹರದಾವು” ಎಂದ.

ನಾನು ಅವನ ಪರವಾಗಿ ಕಾಕಾನ ಮೇಲೆ ಏರಿ ಹೋದೆ. ಕಾಕಾ ನನ್ನ ಮೇಲೆ ಏರಿ ಬಂದ. ಪಡಸಾಲೆಯಲ್ಲಿ ನಾವಿಬ್ಬರೂ ಕೂಗಾಡುತ್ತಿದ್ದರೆ ಕಾಕು ನಡುವೆ ಬಂದು, ಎರಡು ತಾಟು ಇಟ್ಟು, ರೊಟ್ಟಿ ಹಾಕಿ, ಮಾತಿಲ್ಲದೆ ಒಳಗೆ ಹೋದಳು. ಆ ಕೆಲವು ದಿನ ನಾನು ಕಾಕಾನ ಕೂಡ ಮಾತು ಬಿಟ್ಟೆ. ಮೂವರಿರುವ ಮನೆಯಲ್ಲಿ ಇಬ್ಬರು ಮಾತಾಡದಿದ್ದರೆ ಮೂರನೆಯವನು ಸುಮ್ಮನಿರುತ್ತಾನೆಯೆ? ಇನ್ನೂ ಗಟ್ಟಿಯಾಗಿ ಹಾಡಿದ.

ಆ ವರ್ಷ ಬಾದಾಮಿಯಲ್ಲಿ ನಮ್ಮ ನೆಂಟರ ಮನೆಯಲ್ಲಿ ಮುಂಜಿ. ಕಾಕು ಬರಲಿಲ್ಲ, ನಾನು, ಕಾಕಾ ಹೋದೆವು. ಸುತ್ತಲೂ ಕೆಂಪು ಬಂಡೆ, ನಡುವೆ ಹೊಂಡ. ಬೆಳಗ್ಗೆ ಮೆಟ್ಟಿಲ ಮೇಲೆ ಹೆಂಗಸರು ಅರಿವೆ ಒಗೆಯುತ್ತಿದ್ದರು. ಕಾಕಾ ದಂಡೆಯ ಮೇಲೆ ಪದ್ಮಾಸನ ಹಾಕಿ ಹಾಡು ತೆಗೆದ. ಆಚೆಯ ಬಂಡೆ ಅದನ್ನು ಹಿಡಿದು, ಚೂರೂ ಬಿಡದೆ, ವಾಪಸು ಕೊಟ್ಟಿತು. ತನ್ನ ದನಿ ಹೊರಗಿನಿಂದ ಹೇಗಿದೆ ಎಂದು ಕಾಕಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೇಳಿ ಕೆಂಡವಾದ. ಎದ್ದು ನಿಂತು, ಬಂಡೆಗೆ ಕೈ ತೋರಿಸಿ ಮತ್ತೆ ಹಾಡಿದ. ಬಂಡೆಯೂ ಬಿಡಲಿಲ್ಲ. ಹೆಂಗಸರು ಒಗೆಯುವುದನ್ನು ನಿಲ್ಲಿಸಿ, ಸೆರಗು ಬಾಯಿಗಿಟ್ಟುಕೊಂಡು ಕೂತರು. ಬಹಳ ಹೊತ್ತು ಹೀಗೆ ಹೊಡೆದಾಡಿ, ಬೆವೆತು ಬಂದ ಕಾಕಾ ನನಗೆ ಹೇಳಿದ: “ಇಲ್ಲಿ ಕಲ್ಲು ಬೇಸೂರ ಅದ.”

ಸಾವಿರಾರು ವರ್ಷ ಯಾರಿಗೂ ಕೆಟ್ಟದ್ದು ಮಾಡದೆ ನಿಂತ ಬಂಡೆಯ ಮೇಲೆ ಇಂಥ ಆರೋಪ! ನಾನು ಆಗಲೂ ನಗಲಿಲ್ಲ. ನಗು ಬರುವ ಕಡೆಯೆಲ್ಲ ನನಗೆ ಸಿಟ್ಟೇ ಬರುತ್ತಿತ್ತು. ಇಳಕಲ್‌ನಲ್ಲಿ ಒಬ್ಬಳು ಒಳಗೊಳಗೇ ಸವೆಯುತ್ತಿದ್ದಾಳೆ, ಇವನಿಗೆ ಕಲ್ಲಿನ ಕೂಡ ಜುಗಲ್‌ಬಂದಿ ಬೇಕಾಗಿದೆ.

ದಿನಗಳು ಹೋದವು. ಕಾಕಾನ ಸಾಧನೆ ಒಂದು ದಿನವೂ ತಪ್ಪಲಿಲ್ಲ. ನೆಗಡಿಯಾಗಲಿ, ಜ್ವರವಿರಲಿ, ಬೆಳಗ್ಗೆ ಆ ಹಾಡು ಆಗಲೇಬೇಕು. ಒಂದು ದಿನ ನೇಕಾರ ಓಣಿಯಲ್ಲಿ ಸಿಕ್ಕ. ತಕರಾರು ಹೇಳುತ್ತಾನೆಂದು ನಾನು ಮೊದಲೇ ಕ್ಷಮೆ ಕೇಳಿದರೆ, ಹಾಗೇನಿಲ್ಲ, ಈಗ ರೂಢಿಯಾಗಿದೆ ಎಂದ. ಮೊದಲು ಮಾಸ್ತರು ಎಲ್ಲಾ ಕಡೆಯೂ ತಪ್ಪುತ್ತಿದ್ದರಂತೆ, ಈಗ ಆ ಒಂದೇ ಜಾಗದಲ್ಲಿ ತಪ್ಪುತ್ತಾರಂತೆ. ಆ ಜಾಗ ಬಂತೆಂದರೆ ಇವನು ಲಾಳಿ ಹಿಡಿದು ನಿಲ್ಲುತ್ತಾನೆ, ತಪ್ಪಿದ ಮೇಲೆ ಮತ್ತೆ ನೇಯುತ್ತಾನೆ, ಎಳೆಗೇನೂ ಧಕ್ಕೆಯಿಲ್ಲ. ಇಷ್ಟು ದಿನ ಬಡಿದಾಡಿಯೂ ಒಂದು ಗಾಂಧಾರ ಇಳಿಸಲಾಗದ ಹಟಮಾರಿಯ ಸಲುವಾಗಿ ಬಡಪಾಯಿ ನೇಕಾರ ಮಗ್ಗ ನಿಲ್ಲಿಸಬೇಕೆ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಕಿವಿಗೆ ಇನ್ನೂ ಸ್ವಲ್ಪ ಹತ್ತಿ ಹೆಚ್ಚಿಸಿದೆ.

ಮರುವರ್ಷ ಬಾದಾಮಿಯ ಅದೇ ಮನೆಯಲ್ಲಿ ಮದುವೆ. ಮತ್ತೆ ನಾವಿಬ್ಬರೇ ಹೋದೆವು. ಬೆಳಗ್ಗೆ ಎದ್ದು ನೋಡಿದರೆ ಪಕ್ಕದ ಹಾಸಿಗೆ ಖಾಲಿ. ಬಂಡೆಯ ಕೂಡ ಹಳೆಯ ವ್ಯಾಜ್ಯ ಮುಂದುವರಿಸಲು ಹೋಗಿದ್ದಾನೆ, ಈ ಸಲ ಕೈ ಹಿಡಿದು ಎಳೆದು ತಂದೇ ತರುತ್ತೇನೆ ಎಂದು ಹೊಂಡದ ಕಡೆ ನಡೆದೆ. ಅವಸರದಲ್ಲಿ ಹತ್ತಿ ಮರೆತಿದ್ದೆ.

ದೂರದಿಂದಲೇ ಹಾಡು ಕೇಳಿಸಿತು. ಯಾರೋ ಒಳ್ಳೆಯ ಹಾಡುಗಾರ ಮದುವೆಗೆ ಬಂದಿರಬೇಕು ಎಂದುಕೊಂಡೆ. ಹೆಂಗಸರು ನಗದೆ, ಒಗೆಯದೆ, ಸುಮ್ಮನೆ ಕೂತಿದ್ದರು. ಆ ಕಡೆಯಿಂದ ಬಂಡೆ ಪ್ರತಿಯೊಂದು ಸಾಲನ್ನೂ ಮೆಲ್ಲಗೆ ತಿರುಗಿ ಹೇಳುತ್ತಿತ್ತು. ತಾಯಿ ಒಂದು ಸಾಲು, ಮಗಳು ಒಂದು ಸಾಲು ಹೇಳುತ್ತಿದ್ದ ಹಾಗೆ. ಅದೇ ಹಾಡು! ಗಾಂಧಾರ ಬಂತು. ಮೆಲ್ಲಗೆ ಇಳಿಯಿತು, ನಿಂತಿತು. ಮೆಟ್ಟಿಲ ತಿರುವಿನಲ್ಲಿ ಇಣುಕಿದರೆ, ಕಣ್ಣು ಮುಚ್ಚಿ ಕೂತು ಹಾಡುತ್ತಿದ್ದವನು ನಮ್ಮ ಕಾಕಾ.

ಆಗ ಬಂದ ಸಿಟ್ಟಿಗೆ ಹಿಂದಿನ ಸಿಟ್ಟೆಲ್ಲ ಏನೂ ಅಲ್ಲ. ಇಷ್ಟು ಚೆನ್ನಾಗಿ ಬರುತ್ತದೆ, ಮತ್ತೆ ಮನೆಯಲ್ಲಿ ಬೇಕೆಂದೇ ನಮ್ಮ ಕಿವಿ ಹರಿಯುತ್ತಾನೆಯೆ? ಹೆಂಗಸರ ಎದುರಿಗೇ ಕೂಗಾಡಿದೆ. ನನ್ನ ಕಿವಿ ಹೋಗಲಿ, ನೇಕಾರನ ಸೀರೆ ಹೋಗಲಿ, ಆ ಕಾಕುವಿನ ಮುಖ ನೋಡಿಯಾದರೂ ಕರುಣೆ ಬರಬಾರದೆ ಎಂದು ಕೇಳಿದೆ. ಕಾಕಾ ತಿರುಗಿ ಕೂಗಾಡುತ್ತಾನೆಂದು ಕಾದೆ. ಅವನು ಪಕ್ಕದ ಮೆಟ್ಟಿಲು ತೋರಿಸಿ ಕೂರು ಎಂದ.

“ಮೊದಲ ಮೊದಲ ನನಗ ಖರೇನ ಬರತಿರಲಿಲ್ಲಲೇ. ಮನ್ಯಾಗ ಆ ಹಾಡು ಇಲ್ಲದ ನನಗ ಇರಲಿಕ್ಕಾಗಲಿಲ್ಲ, ಅದಕ್ಕ ಸುರು ಮಾಡಿದೆ. ಒಂದಿನ ಆ ಜಾಗಾದಾಗ ತಪ್ಪಿದೆ. ಅಡಿಗಿ ಮನಿಯಿಂದ ಆಕಿ, ‘ಅಲ್ಲಿ ಇಳಸ್ರಿ’ ಅಂದಳು.”

ನಾನು ಆಗ ಆ ಮೆಟ್ಟಿಲ ಮೇಲೆ ಕೂತೆ.

“ಮಗಳು ಹೋದಮ್ಯಾಲೆ ಆಕಿ ಆಡಿದ ಮೊದಲನೇ ಮಾತು ಅದು. ಮರುದಿನಾನೂ ತಪ್ಪಿದೆ, ಮತ್ತ ಅಂದಳು. ಆಮ್ಯಾಲೆ ಸಾಧನಾ ಮಾಡಿ ಮಾಡಿ ಸೂರು ಕೂತುಬಿಡ್ತು. ಸರಿ ಹಾಡಿದೆ, ಆಕಿ ಏನೂ ಅನ್ನಲಿಲ್ಲ. ನಾ ಏನ ಮಾಡಲಿ ಹೇಳು?”

ಲೆಕ್ಕದ ಮಾಸ್ತರ ಹಲಗೆಯ ಮೇಲೆ ತಪ್ಪು ಬರೆದು, ಒಂದು ಬಾಯಿ ಬಿಚ್ಚಲಿ ಎಂದು ಕಾಯುತ್ತ ನಿಂತಿದ್ದ.

ಎಲ್ಲಾ ಕಡೆ ತಪ್ಪಿದರೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ, ಸರಿ ಹಾಡಿದರೆ ಸುಮ್ಮನಿರುತ್ತಾಳೆ. ಬಲ್ಲವಳಿಗೆ ತಡೆಯಲಾಗದಂತೆ ಒಂದೇ ಕಡೆ, ಎಳ್ಳಿನಷ್ಟು ತಪ್ಪಬೇಕು ಎಂದು ಕಾಕಾ ವಿವರಿಸಿದ. ಅಷ್ಟು ಮಟ್ಟಸವಾಗಿ ತಪ್ಪಬೇಕಾದರೆ ಸರಿಯಾದದ್ದು ಗಂಟಲಿನಲ್ಲಿ ಗಟ್ಟಿ ಕೂತಿರಬೇಕಂತೆ. ಅದಕ್ಕೆ ಸಂಜೆ ಸಾಲಿ ಬಿಟ್ಟ ಮೇಲೆ ಊರ ಹೊರಗೆ ಹೋಗಿ ಸರಿ ಹಾಡಿ, ಬೆಳಗ್ಗೆ ಮನೆಯಲ್ಲಿ ತಪ್ಪು ಹಾಡುತ್ತಿದ್ದ. ಇಷ್ಟು ಹೇಳಿ, ತನ್ನ ಸಾಧನೆ ಕೆಡಿಸಿದೆನೆಂದು ನನಗೆ ಬೈಯಲು ಸುರುಮಾಡಿದ. ಬಂಡೆಯೂ ನನಗೆ ಬೈಯಿತು.

ಇಳಕಲ್‌ಗೆ ಬಂದ ಮರುದಿನ ಬೆಳಗ್ಗೆ ನಾನು ಕಿವಿಗೆ ಹತ್ತಿ ಇಡಲಿಲ್ಲ. ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಕೇಳಿದೆ. ಕಾಕಾ ಎರಡನೆಯ ಸಾಲಿಗೆ ಬಂದ. ಗೋಡೆಯಾಚೆ ಮಗ್ಗ ನಿಂತಿತು. ಗಾಂಧಾರ ಎಳ್ಳಿನಷ್ಟು ಮೇಲೆ ನೆಗೆಯಿತು. ರೊಟ್ಟಿ ಬಡಿಯುವ ಸದ್ದು ನಿಂತು ಒಳಗಿನಿಂದ ಸಣ್ಣ ದನಿ ಬಂತು: “ಇಳಸ್ರಿ ಅಲ್ಲಿ.” ಅಷ್ಟೇ. ಮತ್ತೆ ರೊಟ್ಟಿ, ಮತ್ತೆ ಮಗ್ಗ. ಎಷ್ಟೋ ದಿನದಿಂದ ಈ ಮನೆಯಲ್ಲಿ ಅವಳು ದಿನಾ ಒಂದು ಮಾತಾಡುತ್ತಿದ್ದಳು. ಅದು ನನಗೆ ಗೊತ್ತಿರಲಿಲ್ಲ.

ಅಂದಿನಿಂದ ನನ್ನ ಸಿಟ್ಟು ಎಲ್ಲಿ ಹೋಗಬೇಕು? ಓಣಿಯ ಮೇಲೆ ಹೋಯಿತು. ಮಾಸ್ತರರ ಸಂಗೀತದ ಬಗ್ಗೆ ಯಾರಾದರೂ ತುಟಿ ಅಂಚಿನಲ್ಲಿ ನಕ್ಕರೂ ಸಾಕು, ಜಗಳಕ್ಕೆ ಹೋಗುತ್ತಿದ್ದೆ. ಹಿಂದೆ ನನ್ನ ಕೂಡಿ ಕಾಕಾನನ್ನು ಆಡಿಕೊಂಡವರಿಗೆ, ಇವನಿಗೂ ಆ ಹುಚ್ಚು ಹತ್ತಿತು ಅನಿಸಿರಬೇಕು.

ಒಂದು ಶುಕ್ರವಾರ ಬೆಳಗ್ಗೆ. ನಾನು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಕಾಕಾನಿಗೆ ಹಿಂದಿನ ದಿನ ಪರೀಕ್ಷೆಯ ಕೆಲಸವಾಗಿ ದಣಿವು. ಹಾಡುತ್ತ ಎರಡನೆಯ ಸಾಲಿಗೆ ಬಂದ. ಮಗ್ಗ ನಿಂತಿತು. ಗಂಟಲು ಸಂಜೆಯ ಸಾಧನೆಯ ರೂಢಿಯಲ್ಲಿ ತಾನಾಗಿಯೇ ಇಳಿದು, ಗಾಂಧಾರ ಸರಿಯಾಗಿ ಕೂತುಬಿಟ್ಟಿತು.

ಒಳಗೆ ರೊಟ್ಟಿಯ ಸದ್ದು ನಿಲ್ಲಲಿಲ್ಲ.

ಕಾಕಾ ಮತ್ತೆ ಆ ಸಾಲು ಎತ್ತಿಕೊಂಡ. ತಪ್ಪಬೇಕೆಂಬ ಗಾಬರಿಯಲ್ಲಿ ಮತ್ತೂ ಸರಿಯಾಯಿತು. ಅಷ್ಟು ದೊಡ್ಡ ಸಿಟ್ಟಿನ ಮನುಷ್ಯ, ಲೆಕ್ಕ ಬಾರದ ಹುಡುಗನ ಹಾಗೆ ನನ್ನ ಕಡೆ ನೋಡಿದ. ಏನು ತಿಳಿಯಿತೋ, ನಾನು ಚಹಾದ ಬಟ್ಟಲು ಕೆಳಗಿಟ್ಟು ಬಾಯಿ ತೆರೆದು ಹಾಡಿದೆ. ಜನ್ಮದಲ್ಲಿ ಹಾಡಿದವನಲ್ಲ. ಗಾಂಧಾರ ಯಾವ ದಿಕ್ಕಿಗಿದೆ ಎಂದೂ ಗೊತ್ತಿಲ್ಲ. ಹಿತ್ತಲಿನಲ್ಲಿ ಎಮ್ಮೆ ಕೂಗಿತು.

ರೊಟ್ಟಿಯ ಸದ್ದು ನಿಂತಿತು. ಕಾಕು ಕೈತುಂಬ ಜೋಳದ ಹಿಟ್ಟಿನೊಂದಿಗೆ ಬಾಗಿಲಿಗೆ ಬಂದು ನಿಂತಳು. ಕಾಕಾನನ್ನು ನೋಡಿ, “ನೀವು ಸರಿ ಹಾಡಿದ್ರಿ, ಕೇಳೇನಿ. ಇವನದು ಮಾತ್ರ ನನ್ನ ಕಡಿಂದ ಕೇಳಲಿಕ್ಕೆ ಆಗೂದಿಲ್ಲ. ಸರೀರಿ ಅತ್ತ” ಎಂದಳು.

ಕಾಕಾ ಸರಿದ. ಅವಳು ಪೇಟಿಯ ಮುಂದೆ ಕೂತಳು. ಅದನ್ನು ನುಡಿಸಲು ಅವಳಿಗೆ ಬರುತ್ತಿರಲಿಲ್ಲ, ಹಿಟ್ಟಿನ ಕೈಯನ್ನು ಅದರ ಮೇಲೆ ಸುಮ್ಮನೆ ಇಟ್ಟುಕೊಂಡಳು. ಮೊದಲ ಸಾಲು ಹಾಡಿದಳು. ದನಿ ಒಡೆದಿತ್ತು, ನಡುಗುತ್ತಿತ್ತು. ಎರಡನೆಯ ಸಾಲಿಗೆ ಕಾಕಾನ ಕಡೆ ನೋಡಿದಳು. ಅದು ಮಗಳ ಸಾಲು. ಕಾಕಾ ಹಾಡಿದ, ಇಳಿಸಬೇಕಾದಲ್ಲಿ ಇಳಿಸಿದ. ಮೂರನೆಯದನ್ನು ಅವಳು ಎತ್ತಿಕೊಂಡಳು. ಪಕ್ಕದ ಮನೆಯ ಮಗ್ಗ ಆಮೇಲೆಯೂ ಸುರುವಾಗಲಿಲ್ಲ.

ಹಾಡಿನ ನಡುವೆ ಕಾಕಾ ನನ್ನ ಕಡೆ ಬಾಗಿ, ಸಿಟ್ಟಿನಿಂದ ಪಿಸುಗುಟ್ಟಿದ: “ಅಳಬ್ಯಾಡಲೇ, ಸೂರು ಕೆಡತದ.”

ಅಳುತ್ತಿದ್ದವನು ಅವನು.